ಕಲ್ಯಾಣ ಚಾಲುಕ್ಯ ಸಾಮ್ರಾಜ್ಯದ ಪತನ: ಹಾನಗಲ್ಲು ಸೀಮೆಯ ನೆಲೆಯಿಂದ

973ರಲ್ಲಿ ಎರಡನೆಯ ತೈಲಪ ರಾಷ್ಟ್ರಕೂಟ ದೊರೆ ಎರಡನೆಯ ಕರ್ಕನನ್ನು ಸೋಲಿಸಿ ಸ್ಥಾಪಿಸಿದ ಕಲ್ಯಾಣ ಚಾಲುಕ್ಯ ಸಾಮ್ರಾಜ್ಯ ಸುಮಾರು ಎರಡು ಶತಮಾನ ಬಾಳಿತು. ಉಚ್ಛ್ರಾಯ ಕಾಲದಲ್ಲಿ ಅದು ನರ್ಮದೆಯ ದಡದಿಂದ ತುಂಗಭದ್ರೆಯ ಆಚೆಗೂ ಹರಡಿತ್ತು. 1157ರಲ್ಲಿ ಕಲಚುರಿ ಬಿಜ್ಜಳ ಅಧಿಕಾರ ಕಸಿದುಕೊಂಡ. 1184ರ ಸುಮಾರಿಗೆ ನಾಲ್ಕನೆಯ ಸೋಮೇಶ್ವರ ಅದನ್ನು ಮರಳಿ ಪಡೆದ. 1189ರ ವೇಳೆಗೆ ಸೇವುಣ ಐದನೆಯ ಭಿಲ್ಲಮ ಉತ್ತರದಿಂದಲೂ ಹೊಯ್ಸಳ ಇಮ್ಮಡಿ ಬಲ್ಲಾಳ ದಕ್ಷಿಣದಿಂದಲೂ ಒತ್ತಿ ಬಂದು ಉಳಿದದ್ದನ್ನು ಹಂಚಿಕೊಂಡರು. ಪಠ್ಯಪುಸ್ತಕಗಳಲ್ಲಿ ಇಷ್ಟು ಕಥೆ ಅರ್ಧ ಪುಟದಲ್ಲಿ ಮುಗಿಯುತ್ತದೆ. ಆದರೆ ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಭಾಗಗಳಲ್ಲಿ ನಿಂತಿರುವ ಕಲ್ಲುಗಳನ್ನು ಓದುತ್ತ ಹೋದರೆ ಈ ಪತನ ಒಂದು ದಿನದ ಘಟನೆಯಾಗಿ ಕಾಣುವುದಿಲ್ಲ. ಎಂಬತ್ತು ತೊಂಬತ್ತು ವರ್ಷಗಳ ಕಾಲ ಕೆರೆಯಂಗಳದಲ್ಲಿ, ಕೋಟೆಯ ಬಾಗಿಲಲ್ಲಿ, ಊರ ಗುಡಿಯ ದತ್ತಿಪತ್ರದಲ್ಲಿ ನಡೆದ ಎಳೆದಾಟವಾಗಿ ಕಾಣುತ್ತದೆ.

ಅಕ್ಕಿಆಲೂರು ಸೇರಿದಂತೆ ಇಂದಿನ ಹಾನಗಲ್ಲು ತಾಲ್ಲೂಕಿನ ಸೀಮೆ ಆಗ ಪಾನುಂಗಲ್ಲು ಐನೂರು ಎಂಬ ಆಡಳಿತ ವಿಭಾಗ. ಅದರ ಪಕ್ಕದಲ್ಲಿ ಬನವಾಸಿ ಹನ್ನೆರಡು ಸಾವಿರ, ಈಶಾನ್ಯಕ್ಕೆ ಪುಲಿಗೆರೆ ಮುನ್ನೂರು, ಅಂದರೆ ಈಗಿನ ಲಕ್ಷ್ಮೇಶ್ವರದ ಸುತ್ತಿನ ನಾಡು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಈ ಸೆರಗಿನಲ್ಲಿ ಮಳೆ ಸಾಕಷ್ಟು. ಕೆರೆಗಳು ಹೇರಳ, ಗದ್ದೆಯಲ್ಲಿ ಭತ್ತ, ಹೊಲದಲ್ಲಿ ಜೋಳ ಎರಡೂ ಬೆಳೆಯುತ್ತಿದ್ದವು. ಘಟ್ಟದ ಕೆಳಗಿನ ಬಂದರುಗಳಿಂದ ಒಳನಾಡಿಗೆ ಹೋಗುವ ದಾರಿಯೂ ಇಲ್ಲಿಂದಲೇ. ಇಂಥ ನೆಲದ ಮೇಲೆ ಯಾವ ದೊರೆಯ ಕಣ್ಣು ಬೀಳುವುದಿಲ್ಲ? ಚಾಲುಕ್ಯರು ಬನವಾಸಿಯನ್ನು ತಮ್ಮ ರಾಜಕುಮಾರರಿಗೂ ನೆಚ್ಚಿನ ದಂಡನಾಯಕರಿಗೂ ವಹಿಸುತ್ತಿದ್ದರು. ಪಾನುಂಗಲ್ಲಿನಲ್ಲಿ ಹಳೆಯ ಬನವಾಸಿ ಕದಂಬರ ವಂಶದವರೆಂದು ಹೇಳಿಕೊಂಡ ಹಾನಗಲ್ಲು ಕದಂಬರು ಮಹಾಮಂಡಳೇಶ್ವರರಾಗಿ ನೆಲೆಗೊಂಡಿದ್ದರು.

ಮೊದಲು ಓದಬೇಕಾದ ಕಲ್ಲು ಶಿಗ್ಗಾಂವಿ ತಾಲ್ಲೂಕಿನ ಹೊಟ್ಟೂರಿನದು. 1007ರ ಈ ಶಾಸನ ಚಾಲುಕ್ಯ ದೊರೆ ಸತ್ಯಾಶ್ರಯನ ಕಾಲದ್ದು. ಚೋಳ ಸೈನ್ಯ ಒಂಬತ್ತು ಲಕ್ಷ ಮಂದಿಯೊಂದಿಗೆ ದೋಣೂರಿನವರೆಗೆ ನುಗ್ಗಿತು, ನಾಡನ್ನು ಸೂರೆ ಮಾಡಿತು, ಹೆಂಗಸರು ಮಕ್ಕಳೆನ್ನದೆ ಕೊಂದಿತು, ಕೊನೆಗೆ ಸತ್ಯಾಶ್ರಯ ಅದನ್ನು ಹಿಮ್ಮೆಟ್ಟಿಸಿದ ಎಂದು ಅದು ಹೇಳುತ್ತದೆ. ಒಂಬತ್ತು ಲಕ್ಷ ಎಂಬುದನ್ನು ಅಕ್ಷರಶಃ ನಂಬಬೇಕಿಲ್ಲ. ಗೆದ್ದೆವೆಂಬ ಮಾತನ್ನೂ ಎಚ್ಚರದಿಂದಲೇ ಓದಬೇಕು, ಏಕೆಂದರೆ ರಾಜರಾಜ ಚೋಳನ ತಂಜಾವೂರಿನ ಶಾಸನಗಳು ಸತ್ಯಾಶ್ರಯನಿಂದ ಕೊಳ್ಳೆ ಹೊಡೆದ ಸಂಪತ್ತನ್ನು ದೇವರಿಗೆ ಒಪ್ಪಿಸಿದ ಲೆಕ್ಕ ಕೊಡುತ್ತವೆ. ಆದರೂ ಈ ಕಲ್ಲಿನಲ್ಲಿ ಒಂದು ಸಂಗತಿ ನಿಚ್ಚಳವಾಗಿದೆ. ಶತ್ರು ಹೊರಗಿನವನು, ಅವನನ್ನು ತಡೆಯಬೇಕಾದವನು ಚಕ್ರವರ್ತಿ, ಊರು ಅವನ ಕಡೆ ನೋಡುತ್ತಿತ್ತು. ಮುಂದಿನ ಅರವತ್ತು ಎಪ್ಪತ್ತು ವರ್ಷ ಚೋಳರೊಡನೆ ಕಾದಾಟ ನಿಲ್ಲಲಿಲ್ಲ. 1054ರ ಕೊಪ್ಪಂ ಯುದ್ಧದಲ್ಲಿ ಚೋಳ ರಾಜಾಧಿರಾಜ ರಣರಂಗದಲ್ಲೇ ಸತ್ತ. ಅದಕ್ಕೆ ಮುಂಚೆ ಚೋಳರು ರಾಜಧಾನಿ ಕಲ್ಯಾಣಕ್ಕೇ ನುಗ್ಗಿ ಅಲ್ಲಿಂದ ಒಯ್ದ ದ್ವಾರಪಾಲಕನ ವಿಗ್ರಹ ಮುಂದೆ ತಮಿಳುನಾಡಿನ ದಾರಾಸುರಕ್ಕೆ ಸೇರಿತು. ಇಷ್ಟೆಲ್ಲ ಆದರೂ ಸಾಮ್ರಾಜ್ಯ ಬೀಳಲಿಲ್ಲ. ಹೊರಗಿನ ಪೆಟ್ಟಿಗೆ ಚಾಲುಕ್ಯರು ಬಗ್ಗಲಿಲ್ಲವೆಂಬುದನ್ನು ಮೊದಲೇ ನೆನಪಿಟ್ಟುಕೊಂಡರೆ ಮುಂದಿನದು ತಿಳಿಯಾಗುತ್ತದೆ.

ದೌರ್ಬಲ್ಯದ ಬೀಜ ಬಿದ್ದದ್ದು ಸಾಮ್ರಾಜ್ಯದ ಅತ್ಯಂತ ಹೆಸರುವಾಸಿ ದೊರೆಯ ಪಟ್ಟಾಭಿಷೇಕದ ದಿನವೇ ಎಂದರೆ ಕೆಲವರಿಗೆ ಇರಿಸುಮುರಿಸಾಗಬಹುದು. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಅಣ್ಣ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿ ಗದ್ದುಗೆ ಏರಿದ. ಅದನ್ನು ಅವನು ಒಬ್ಬನೇ ಮಾಡಲಿಲ್ಲ. ಗೋವೆಯ ಕದಂಬರು, ಹೊಯ್ಸಳರು, ಸೇವುಣರು ಮುಂತಾದ ಸಾಮಂತರನ್ನು ತನ್ನ ಪಕ್ಷಕ್ಕೆ ಸೆಳೆದುಕೊಂಡ. ಆಸ್ಥಾನಕವಿ ಬಿಲ್ಹಣ ‘ವಿಕ್ರಮಾಂಕದೇವಚರಿತ’ದಲ್ಲಿ ಇದಕ್ಕೆಲ್ಲ ದೈವೇಚ್ಛೆಯ ಹೊದಿಕೆ ಹೊದಿಸಿದ್ದಾನೆ. ಗದ್ದುಗೆಯ ಮೇಲೆ ಯಾರು ಕೂರಬೇಕೆಂಬುದು ತಮ್ಮ ಕೈಯಲ್ಲೂ ಇದೆ ಎಂದು ಸಾಮಂತರಿಗೆ ಮನವರಿಕೆಯಾದದ್ದು ಅಲ್ಲಿ. ತಮ್ಮನ ಪಾಠವನ್ನು ಇನ್ನೊಬ್ಬ ತಮ್ಮನೂ ಕಲಿತ. ಬನವಾಸಿಯನ್ನು ಆಳುತ್ತಿದ್ದ ಜಯಸಿಂಹ ಕೆಲವೇ ವರ್ಷಗಳಲ್ಲಿ ವಿಕ್ರಮಾದಿತ್ಯನ ವಿರುದ್ಧವೇ ಬಂಡೆದ್ದು ಸೋತ.

ಹಾಗೆಂದು ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆಯನ್ನು ಹಗುರಾಗಿ ಕಾಣುವಂತಿಲ್ಲ. ಶಕವರ್ಷವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ಶಕ ಆರಂಭಿಸಿದ. ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು ಅವನ ಆಶ್ರಯದಲ್ಲಿ. ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರದಂಥ ಗುಡಿಗಳು ಬೆಳೆದ ಶೈಲಿ ಈ ಶತಮಾನದ್ದು. ತಾರಕೇಶ್ವರದ ರಂಗಮಂಟಪದ ನಡುವೆ ನಿಂತು ತಲೆಯೆತ್ತಿ ಆ ತೂಗುಕಮಲದ ಭುವನೇಶ್ವರಿಯನ್ನು ನೋಡಿದವರು, ಇದನ್ನು ಕಟ್ಟಿಸಿದವರು ಅಳಿವಿನ ಅಂಚಿನಲ್ಲಿದ್ದರೆಂದು ಊಹಿಸಲಾರರು. ಸಂಪತ್ತಿತ್ತು, ಕಸುಬಿತ್ತು, ಐಹೊಳೆ ಐನೂರ್ವರ ವ್ಯಾಪಾರವಿತ್ತು. ಆದರೆ ಆ ಸಂಪತ್ತು ಕಲ್ಯಾಣದ ಖಜಾನೆಗೆ ಹರಿಯುವ ಮುನ್ನವೇ ನಾಡುನಾಡುಗಳಲ್ಲಿ ಇಂಗುತ್ತಿತ್ತು. ಮಹಾಮಂಡಳೇಶ್ವರರು ತಮ್ಮದೇ ಸೈನ್ಯ ಸಾಕುತ್ತಿದ್ದರು, ಸುಂಕ ಎತ್ತುತ್ತಿದ್ದರು, ಊರುಗಳನ್ನು ಮಠಕ್ಕೆ, ಗುಡಿಗೆ, ಅಗ್ರಹಾರಕ್ಕೆ ಸರ್ವನಮಸ್ಯವಾಗಿ ಬಿಟ್ಟುಕೊಡುತ್ತಿದ್ದರು. ಚಕ್ರವರ್ತಿಗೆ ಸಲ್ಲುತ್ತಿದ್ದುದು ಶಾಸನದ ಮೊದಲ ನಾಲ್ಕು ಸಾಲಿನ ಬಿರುದಾವಳಿ ಮತ್ತು ಯುದ್ಧದ ಕರೆ ಬಂದಾಗ ಒಂದಷ್ಟು ಪಡೆ. ಕರೆಗೆ ಓಗೊಡದಿದ್ದರೆ? ಇನ್ನೊಬ್ಬ ಸಾಮಂತನನ್ನು ಛೂ ಬಿಡಬೇಕು.

ವಿಕ್ರಮಾದಿತ್ಯ ಮಾಡಿದ್ದೂ ಅದನ್ನೇ. ಹೊಯ್ಸಳ ವಿಷ್ಣುವರ್ಧನ ತಲೆಯೆತ್ತಿದಾಗ ಕಳಿಸಿದ ಸೇನೆಯನ್ನು 1118ರಲ್ಲಿ ಕಣ್ಣೇಗಾಲದಲ್ಲಿ ಹೊಯ್ಸಳ ದಂಡನಾಯಕ ಗಂಗರಾಜ ರಾತ್ರಿದಾಳಿಯಲ್ಲಿ ಚದುರಿಸಿದ. ಬಳಿಕ ಯಲಬುರ್ಗೆಯ ಸಿಂದ ಆಚುಗಿಯನ್ನು ಮುಂದಿಟ್ಟುಕೊಂಡು ಹೊಯ್ಸಳರನ್ನೂ ಗೋವೆ ಕದಂಬರನ್ನೂ ಹಿಮ್ಮೆಟ್ಟಿಸಬೇಕಾಯಿತು. ಸಾಮಂತನಿಂದ ಸಾಮಂತನನ್ನು ಹದ್ದುಬಸ್ತಿನಲ್ಲಿಡುವ ಈ ಉಪಾಯಕ್ಕೆ ದೊರೆ ಗಟ್ಟಿಯಾಗಿರಬೇಕು. 1126ರಲ್ಲಿ ವಿಕ್ರಮಾದಿತ್ಯ ತೀರಿಕೊಂಡ. ಮಗ ಮೂರನೆಯ ಸೋಮೇಶ್ವರ ವಿದ್ವಾಂಸ. ಅಡುಗೆ, ಆನೆ, ಸಂಗೀತ, ರಾಜನೀತಿ ಎಲ್ಲವನ್ನೂ ಒಳಗೊಂಡ ‘ಮಾನಸೋಲ್ಲಾಸ’ವನ್ನು ಸಂಸ್ಕೃತದಲ್ಲಿ ಬರೆದ. ವಿಶ್ವಕೋಶಕಾರರು ಅವನನ್ನು ತಮ್ಮ ಕುಲದ ಹಿರಿಯನೆಂದು ಗೌರವಿಸಬೇಕು ನಿಜ. ಆದರೆ ಅವನ ಮತ್ತು ಅವನ ಮಕ್ಕಳ ಕಾಲದಲ್ಲೇ ವಿಷ್ಣುವರ್ಧನ ತುಂಗಭದ್ರೆ ದಾಟಿ ಹಾನಗಲ್ಲನ್ನು ಮುತ್ತಿದ, ಬಂಕಾಪುರಕ್ಕೆ ಬಂದು ಕೂತ. ಹಾನಗಲ್ಲು ಹಿಡಿದದ್ದನ್ನು ಹೊಯ್ಸಳರು ತಮ್ಮ ಬಿರುದುಗಳ ಸಾಲಿಗೆ ಸೇರಿಸಿಕೊಂಡರು. ಬಂಕಾಪುರವೇನು ಸಾಮಾನ್ಯ ಊರಲ್ಲ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರು ಹೊತ್ತದ್ದು. ರಾಷ್ಟ್ರಕೂಟರ ಗದ್ದುಗೆಯನ್ನು ಮತ್ತೆ ನಿಲ್ಲಿಸಲು ಹೆಣಗಿ ಸೋತ ಗಂಗ ಮಾರಸಿಂಹ 974ರ ಸುಮಾರಿಗೆ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಅಲ್ಲೇ. ಒಂದು ಸಾಮ್ರಾಜ್ಯದ ಕೊನೆಯನ್ನು ಆ ಊರು ಆಗಲೇ ಒಮ್ಮೆ ಕಂಡಿತ್ತು.

1157ರ ಅಧಿಕಾರ ಪಲ್ಲಟ ಯುದ್ಧದ ಸದ್ದಿಲ್ಲದೆ ನಡೆಯಿತು. ಆಗಿನ ಚಾಲುಕ್ಯ ದೊರೆ ಮೂರನೆಯ ತೈಲಪನನ್ನು ಕಾಕತೀಯ ಇಮ್ಮಡಿ ಪ್ರೋಲ ಸೆರೆ ಹಿಡಿದು ಬಿಟ್ಟಿದ್ದ. ಆ ಮಾನಭಂಗದ ನಂತರ ದೊರೆಯ ಮಾತಿಗೆ ತೂಕ ಉಳಿಯಲಿಲ್ಲ. ಮಂಗಳವೇಢೆಯ ಕಲಚುರಿ ಬಿಜ್ಜಳ, ತರ್ದವಾಡಿ ನಾಡನ್ನು ಆಳುತ್ತಿದ್ದ ಮಹಾಮಂಡಳೇಶ್ವರ, ಮೆಲ್ಲಗೆ ಮೇಲೇರಿದ. 1157ರ ಸುಮಾರಿನಲ್ಲಿ ಭುಜಬಲ ಚಕ್ರವರ್ತಿ ಎನ್ನಿಸಿಕೊಂಡರೂ ಮಹಾಮಂಡಳೇಶ್ವರ ಎಂಬ ಹಳೆಯ ಪಟ್ಟವನ್ನು ಕೈಬಿಡಲಿಲ್ಲ. ಪೂರ್ಣ ಸಾಮ್ರಾಟನ ಬಿರುದುಗಳು 1162ರ ಹೊತ್ತಿಗೆ ಬಂದವು. ತೈಲಪ ಅಣ್ಣಿಗೇರಿಯ ಕಡೆ ಸರಿದು ಅದೇ ಸುಮಾರಿಗೆ ತೀರಿಕೊಂಡ. ಕಾಕತೀಯ ರುದ್ರ 1163ರ ಹನುಮಕೊಂಡ ಶಾಸನದಲ್ಲಿ ಸ್ವತಂತ್ರನೆಂದು ಸಾರಿಕೊಂಡ.

ಇಲ್ಲೊಂದು ರೂಢಿಯ ನಂಬಿಕೆಯನ್ನು ತಿದ್ದಿಕೊಳ್ಳಬೇಕು. ಬಸವಣ್ಣನವರ ಕಾಲದ ಕಲ್ಯಾಣದ ಕ್ಷೋಭೆಯಿಂದ ಚಾಲುಕ್ಯ ಸಾಮ್ರಾಜ್ಯ ಕುಸಿಯಿತೆಂದು ಅನೇಕರು ಭಾಷಣಗಳಲ್ಲಿ ಹೇಳುತ್ತಾರೆ. ಕಾಲಗಣನೆ ಇದಕ್ಕೆ ಒಪ್ಪುವುದಿಲ್ಲ. ಬಿಜ್ಜಳನ ಆಳ್ವಿಕೆ ಮುಗಿದದ್ದು 1167ರ ಸುಮಾರಿಗೆ. ಅಷ್ಟರಲ್ಲಾಗಲೇ ಚಾಲುಕ್ಯರ ಗದ್ದುಗೆ ಹೋಗಿ ಹತ್ತು ವರ್ಷ. ಆ ಕ್ಷೋಭೆ ಕಲಚುರಿಗಳನ್ನು ಅಲುಗಿಸಿತು. ಬಿಜ್ಜಳನ ನಂತರ ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಹೀಗೆ ಮಕ್ಕಳು ಒಬ್ಬರ ಹಿಂದೊಬ್ಬರು ಬಂದು ಹದಿನೈದು ಹದಿನಾರು ವರ್ಷದಲ್ಲಿ ವಂಶವೇ ಮರೆಯಾಯಿತು. ಬಿಜ್ಜಳನ ಅಂತ್ಯದ ಬಗ್ಗೆ ವೀರಶೈವ ಪುರಾಣಗಳದು ಒಂದು ಕಥೆ, ಜೈನ ‘ಬಿಜ್ಜಳರಾಯ ಚರಿತೆ’ಯದು ಇನ್ನೊಂದು. ಶಾಸನಗಳು ಎರಡಕ್ಕೂ ಪೂರ್ತಿ ಸಾಕ್ಷಿ ನುಡಿಯುವುದಿಲ್ಲ.

ಆ ಕಾಲದ ಧಾರ್ಮಿಕ ಬಿಸಿ ಈ ಸೀಮೆಗೆ ತಟ್ಟಿದ ಬಗೆಯನ್ನು ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯ ಶಾಸನ ತೋರಿಸುತ್ತದೆ. ಇಡೀ ಪತನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲವೆಂದು ಈ ಲೇಖಕನ ಅಭಿಪ್ರಾಯ. ಸುಮಾರು 1200ರ ಈ ಕಲ್ಲು ಏಕಾಂತದ ರಾಮಯ್ಯನೆಂಬ ಶಿವಭಕ್ತನ ಕಥೆ ಹೇಳುತ್ತದೆ. ಊರಿನ ಜೈನರ ಮುಖಂಡ ಸಂಕಗಾವುಂಡನ ಕಡೆಯವರೊಡನೆ ವಾದಕ್ಕೆ ಬಿದ್ದ ರಾಮಯ್ಯ ತಲೆಯನ್ನೇ ಪಣವಾಗಿಟ್ಟು ಕೊಯ್ದುಕೊಂಡನಂತೆ, ಏಳು ದಿನದ ಮೇಲೆ ಅದನ್ನು ಮರಳಿ ಪಡೆದನಂತೆ, ಮಾತಿಗೆ ತಪ್ಪಿದವರ ಬಸದಿಯನ್ನು ಕೆಡವಿದನಂತೆ. ಜೈನರು ಬಿಜ್ಜಳನ ಬಳಿ ದೂರು ಒಯ್ದರು. ಬಿಜ್ಜಳ ವಿಚಾರಿಸಿ ರಾಮಯ್ಯನಿಗೆ ಜಯಪತ್ರ ಕೊಟ್ಟ, ಗುಡಿಗೆ ಊರು ದತ್ತಿ ಬಿಟ್ಟ. ಗುಡಿಯ ಗೋಡೆಯಲ್ಲಿ ಈ ಪ್ರಸಂಗದ ಶಿಲ್ಪಗಳಿವೆ, ಕೆಳಗೆ ಹೆಸರು ಬರೆದ ಸಾಲುಗಳೂ ಇವೆ. ಒಂದು ಊರಿನ ಎರಡು ಮತಗಳ ಜಗಳ ಹೀಗೆ ಚಿತ್ರದೊಂದಿಗೆ ಕಲ್ಲಿಗೇರಿದ್ದು ಅಪರೂಪ. ಸೋತವರು ಬರೆಸಿದ ಕಲ್ಲು ಇದ್ದಿದ್ದರೆ ಕಥೆ ಬೇರೆಯೇ ಆಗಿರುತ್ತಿತ್ತು ಎಂಬುದನ್ನು ಓದುಗರು ಮರೆಯಬಾರದು.

ರಾಜಕೀಯ ಚರಿತ್ರೆಗೆ ಬೇಕಾದದ್ದು ಕಥೆಯ ಮುಂದಿನ ಭಾಗ. ಕಲಚುರಿಗಳು ಹೋಗಿ ನಾಲ್ಕನೆಯ ಸೋಮೇಶ್ವರ ಬಂದ. ಅವನು ದಂಡನಾಯಕ ಬ್ರಹ್ಮನೊಡನೆ ಬೀಡುಬಿಟ್ಟಿದ್ದಾಗ ಹಳೆಯ ಹೊಸ ಶಿವಶರಣರ ಮಾತು ಬಂದು, ರಾಮಯ್ಯನ ಸುದ್ದಿ ಕೇಳಿ ಕರೆಸಿಕೊಂಡು, ಅಬಲೂರನ್ನೇ ಗುಡಿಗೆ ಕೊಟ್ಟ. ಸ್ವಲ್ಪ ಕಾಲದ ಮೇಲೆ ಹಾನಗಲ್ಲಿನ ಕದಂಬ ಕಾಮದೇವ ಬಂದು ಗುಡಿ ನೋಡಿ, ಕಥೆ ಕೇಳಿ, ಮುಂಡಗೋಡಿನ ಕಡೆಯ ಒಂದು ಹಳ್ಳಿಯನ್ನು ತಾನೂ ದತ್ತಿ ಬಿಟ್ಟ. ಬಿಜ್ಜಳ, ಸೋಮೇಶ್ವರ, ಕಾಮದೇವ: ದಂಗೆಯೆದ್ದವನು, ಮರಳಿ ಗೆದ್ದವನು, ಸಾಮಂತನಾಗಿ ಉಳಿದವನು, ಮೂವರೂ ಒಂದೇ ಕಲ್ಲಿನಲ್ಲಿ. ಅಬಲೂರಿನ ದೇವರಿಗೆ ಯಾವ ದತ್ತಿಯೂ ತಪ್ಪಲಿಲ್ಲ. ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಯ ಶಾಸನಗಳೂ ಹೀಗೆಯೇ 1174ರ ಕಲಚುರಿ ಕಾಲದಿಂದ ಶುರುವಾಗಿ ಆಮೇಲಿನ ಅರಸರ ಹೆಸರುಗಳನ್ನು ಒಂದೊಂದಾಗಿ ಹೊರುತ್ತ ಬರುತ್ತವೆ. ಗುತ್ತಲಿನ ಗುತ್ತರು ಕಲಚುರಿಗಳಿಗೆ ತಲೆಬಾಗಿ, ಬಳಿಕ ಸೇವುಣರಿಗೆ ತಲೆಬಾಗಿ ತಮ್ಮ ನಾಡನ್ನು ಉಳಿಸಿಕೊಂಡರು. ಗೌಡ, ಮಹಾಜನ, ಸ್ಥಾನಾಚಾರ್ಯ ಇವರಾರೂ ಅಲುಗಲಿಲ್ಲ. ಬದಲಾದದ್ದು ಶಾಸನದ ತಲೆಯ ಮೇಲಿನ ಹೆಸರು.

ನಾಲ್ಕನೆಯ ಸೋಮೇಶ್ವರನ ಮರುಗಳಿಕೆಯಲ್ಲೇ ಅವನ ಸೋಲೂ ಅಡಗಿತ್ತು. ಗೆದ್ದುಕೊಟ್ಟವನು ದಂಡನಾಯಕ ಬ್ರಹ್ಮ, ಹಿಂದೆ ಕಲಚುರಿಗಳಲ್ಲೇ ಕೆಲಸ ಮಾಡಿ ಆಮೇಲೆ ಪಕ್ಷ ಬದಲಿಸಿದವನು. ಕಲಚುರಿ ಕುಲವನ್ನು ಬೇರುಸಹಿತ ಕಿತ್ತವನೆಂಬ ಬಿರುದು ಅವನಿಗಿತ್ತು. ದೊರೆಗೆ ಸ್ವಂತ ನೆಲ, ಸ್ವಂತ ಪಡೆ ಎನ್ನುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. 1189ರ ಸುಮಾರಿಗೆ ಭಿಲ್ಲಮ ಕಲ್ಯಾಣವನ್ನು ಹಿಡಿದ. ಬಲ್ಲಾಳ ಬ್ರಹ್ಮನ ಆನೆಪಡೆಯನ್ನು ತನ್ನ ಕುದುರೆಪಡೆಯಿಂದ ಮುರಿದನೆಂದು 1192ರ ಗದಗಿನ ಶಾಸನ ಹೊಗಳುತ್ತದೆ. ಆಮೇಲೆ ಗೆದ್ದವರಿಬ್ಬರೇ ಪರಸ್ಪರ ತಿರುಗಿ ಬಿದ್ದು ಸೊರಟೂರಿನಲ್ಲಿ, ಲಕ್ಕುಂಡಿಯಲ್ಲಿ ಕಾದಿದರು. ಅಲ್ಲಿ ಸೇವುಣರು ಸೋತರು, ಬಲ್ಲಾಳ ಲಕ್ಕುಂಡಿಯಲ್ಲಿ ಬೀಡುಬಿಟ್ಟು ಚಕ್ರವರ್ತಿಯ ಬಿರುದುಗಳನ್ನು ಧರಿಸಿದ. ಸೋಮೇಶ್ವರ ಬನವಾಸಿಯ ಕಡೆಗೆ, ಕದಂಬ ಕಾಮದೇವನ ನೆರಳಿಗೆ ಸರಿದ. 1189ರಲ್ಲಿ ಕಾಮದೇವ ಬನವಾಸಿ, ಪಾನುಂಗಲ್ಲು, ಪುಲಿಗೆರೆ ಮೂರನ್ನೂ ಸೋಮೇಶ್ವರನ ಹೆಸರಿನಲ್ಲೇ ಆಳುತ್ತಿದ್ದ. 1200ರ ಹೊತ್ತಿಗೆ ಆ ಹೆಸರು ಶಾಸನಗಳಿಂದ ಮಾಯವಾಗುತ್ತದೆ. ಹೇಗೆ, ಎಲ್ಲಿ ಸತ್ತನೆಂದು ಯಾವ ಕಲ್ಲೂ ಬರೆದುಕೊಂಡಿಲ್ಲ.

ಹೋಲಿಕೆಗೆ ರೋಮ್ ತಾನಾಗಿ ನೆನಪಾಗುತ್ತದೆ. ಪಶ್ಚಿಮ ರೋಮ್ ಸಾಮ್ರಾಜ್ಯ 476ರಲ್ಲಿ ಕೊನೆಗೊಂಡಿತೆಂದು ಹೇಳುವುದು ವಾಡಿಕೆ. ಆ ವರ್ಷ ಸೇನಾನಾಯಕ ಒಡೊಆಕರ್ ಬಾಲಕ ಚಕ್ರವರ್ತಿ ರೊಮುಲಸ್ ಅಗಸ್ಟುಲಸ್‌ನನ್ನು ಕೆಳಗಿಳಿಸಿದ. ಆದರೆ ಆ ಬಾಲಕನಿಗೂ ಮುಂಚಿನ ಚಕ್ರವರ್ತಿ ಜೂಲಿಯಸ್ ನೆಪೋಸ್ ಡಾಲ್ಮೇಷಿಯದಲ್ಲಿ 480ರವರೆಗೆ ಆ ಪದವಿಯನ್ನು ಹೊತ್ತು ಬದುಕಿದ್ದ. ಬನವಾಸಿಯ ಸೋಮೇಶ್ವರನ ಸ್ಥಿತಿ ಇದಕ್ಕೆ ತೀರ ಹತ್ತಿರ. ಎಡ್ವರ್ಡ್ ಗಿಬ್ಬನ್ 1776ರಿಂದ 1788ರವರೆಗೆ ಸಂಪುಟಗಟ್ಟಲೆ ಬರೆದ ಮೇಲೂ ರೋಮ್ ಏಕೆ ಬಿತ್ತೆಂಬ ಚರ್ಚೆ ತೀರಿಲ್ಲ. ಜರ್ಮನ್ ಇತಿಹಾಸಕಾರ ಅಲೆಕ್ಸಾಂಡರ್ ಡೆಮಾಂಟ್ 1984ರಲ್ಲಿ ಪಂಡಿತರು ಕೊಟ್ಟ ಕಾರಣಗಳನ್ನು ಒಟ್ಟು ಹಾಕಿದಾಗ ಅವು 210 ಆದವು. ಚಾಲುಕ್ಯರಿಗೆ ಅಷ್ಟು ಕಾರಣ ಬೇಕಾಗುವುದಿಲ್ಲ. ಎರಡರ ನಡುವಿನ ವ್ಯತ್ಯಾಸವೂ ದೊಡ್ಡದೇ. ರೋಮಿನ ಸೈನ್ಯ ಖಜಾನೆಯ ಸಂಬಳ ತಿನ್ನುತ್ತಿತ್ತು. ಆಫ್ರಿಕದಂಥ ಶ್ರೀಮಂತ ಪ್ರಾಂತ ಕೈಬಿಟ್ಟಾಗ ತೆರಿಗೆ ನಿಂತು ಸೈನ್ಯ ಕರಗಿತು, ಅದರೊಡನೆ ಪಟ್ಟಣಗಳು, ರಸ್ತೆಗಳು, ಇಟ್ಟಿಗೆ ಕಟ್ಟಡಗಳು ಕೂಡ ಹಾಳಾದವು. ಚಾಲುಕ್ಯ ಸಾಮ್ರಾಜ್ಯದಲ್ಲಿ ಸೈನ್ಯ, ತೆರಿಗೆ, ನ್ಯಾಯ ಮೊದಲಿನಿಂದಲೂ ನಾಡುಗಳ ಮಟ್ಟದಲ್ಲೇ ಇದ್ದವು. ಆದ್ದರಿಂದ ಮೇಲಿನ ಗದ್ದುಗೆ ಉರುಳಿದರೂ ಕೆಳಗೆ ಕೆರೆಯ ತೂಬು ಎತ್ತುವುದು ನಿಲ್ಲಲಿಲ್ಲ, ಗುಡಿ ಕಟ್ಟುವುದೂ ನಿಲ್ಲಲಿಲ್ಲ. ಸಾಮ್ರಾಜ್ಯವನ್ನು ಇಷ್ಟು ಅಗ್ಗವಾಗಿ ನಡೆಸಲು ಸಾಧ್ಯವಾಗಿಸಿದ್ದು ಯಾವ ವ್ಯವಸ್ಥೆಯೋ ಅದೇ ಅದನ್ನು ಅಷ್ಟೇ ಸಲೀಸಾಗಿ ಬಿಚ್ಚಿತು.

ಹಾಗೆಂದು ಇಲ್ಲಿನವರು ನೋವಿಲ್ಲದೆ ಪಾರಾದರೆಂದಲ್ಲ. ಹೆಸರು ಬದಲಾಗುವಾಗಲೆಲ್ಲ ಯಾರಾದರೂ ಸಾಯಬೇಕಿತ್ತು. ಅವರ ಲೆಕ್ಕ ವೀರಗಲ್ಲುಗಳಲ್ಲಿದೆ. ಹಾನಗಲ್ಲು, ಹಿರೇಕೆರೂರು ಸೀಮೆಯಲ್ಲಿ ಇವುಗಳಿಗೆ ಕೊರತೆಯಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎರಡು ಕಡೆಯಿಂದ ಹಿಡಿದು ಮೇಲೆ ಒಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಬಹಳಷ್ಟು ಕಲ್ಲುಗಳು ದನ ಬಿಡಿಸಲು ಹೋಗಿ ಸತ್ತವರವು. ಚಕ್ರವರ್ತಿಯ ಕೈ ಸೋತಾಗ ಗಡಿಯ ಹಳ್ಳಿಗಳಲ್ಲಿ ತುರುಗೊಳ್ಳುವವರಿಗೆ ಸುಗ್ಗಿ. ಇವುಗಳ ನಡುವೆ ಹಾನಗಲ್ಲಿನಲ್ಲಿರುವ 1196ರ ವೀರಗಲ್ಲು ಬೇರೆಯೇ ತೂಕದ್ದು. ಬಲ್ಲಾಳ ಸ್ವತಃ ಬಂದು ಆನೆಕೆರೆಯ ಬಳಿ ಪಾಳೆಯ ಹೂಡಿ ಪಟ್ಟಣವನ್ನು ಮುತ್ತಿದ. ಕಾಮದೇವನ ದಂಡನಾಯಕ ಸೋಹಣಿ ಮಗನೊಡನೆ ಹೊರಬಿದ್ದು ಎದುರಿಸಿದ. ಸೋಹಣಿ ಬಿದ್ದ, ಆದರೆ ಆ ಸಲ ಹೊಯ್ಸಳರು ಹಿಮ್ಮೆಟ್ಟಬೇಕಾಯಿತು. ಆನೆಕೆರೆ ಇಂದಿಗೂ ಹಾನಗಲ್ಲಿನಲ್ಲಿದೆ. ಅದರ ಏರಿಯ ಮೇಲೆ ನಿಂತರೆ ಬಲ್ಲಾಳ ಅಲ್ಲೇ ಬೀಡುಬಿಟ್ಟದ್ದಕ್ಕೆ ಕಾರಣ ಹೊಳೆಯುತ್ತದೆ: ಸಾವಿರಾರು ಆನೆ ಕುದುರೆಗೆ ನೀರು, ಎದುರಿಗೇ ಪಟ್ಟಣ.

1007ರ ಹೊಟ್ಟೂರಿನ ಕಲ್ಲನ್ನೂ 1196ರ ಹಾನಗಲ್ಲಿನ ಕಲ್ಲನ್ನೂ ಜೊತೆಗಿಟ್ಟು ಓದಬೇಕು. ಮೊದಲನೆಯದರಲ್ಲಿ ನುಗ್ಗಿ ಬಂದವನು ತಮಿಳು ಚೋಳ, ತಡೆದವನು ಚಾಲುಕ್ಯ ಸಾರ್ವಭೌಮ. ಎರಡನೆಯದರಲ್ಲಿ ಮುತ್ತಿದವನೂ ಕನ್ನಡ ದೊರೆ, ತಡೆದವನೂ ಕನ್ನಡ ದೊರೆ. ಇಬ್ಬರ ಹಿರಿಯರೂ ಕಲ್ಯಾಣದ ಸಾಮಂತರು. ಸಾರ್ವಭೌಮನ ಮಾತೇ ಅಲ್ಲಿಲ್ಲ. ಈ ಬಗೆಯ ಕಲ್ಲುಗಳನ್ನು ಓದಿ ವಂಶಾವಳಿಗಳನ್ನು ಜೋಡಿಸಿದ ಜೆ. ಎಫ್. ಫ್ಲೀಟ್ ಆಗಲಿ, 1931ರಲ್ಲಿ ‘ಕದಂಬ ಕುಲ’ ಪ್ರಕಟಿಸಿದ ಜಾರ್ಜ್ ಮೊರೇಸ್ ಆಗಲಿ ಹಾನಗಲ್ಲಿನ ಮುತ್ತಿಗೆಯನ್ನು ಕದಂಬರ ಚರಿತ್ರೆಯೊಳಗಿಟ್ಟು ನೋಡಿದರು. ಚಾಲುಕ್ಯರ ಪತನದ ಕೊನೆಯ ಅಧ್ಯಾಯವಾಗಿಯೂ ಅದನ್ನು ಓದಬೇಕು, ಏಕೆಂದರೆ ಕಲ್ಯಾಣದ ಪರವಾಗಿ ಕೊನೆಯವರೆಗೆ ನಿಂತ ನಾಡು ಇದೇ.

ಕಾಮದೇವ ಸುಲಭಕ್ಕೆ ಮಣಿಯಲಿಲ್ಲ. ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯ ಶಾಸನದ ಪ್ರಕಾರ 1203ರ ಸುಮಾರಿಗೂ ಅವನು ಹೊಯ್ಸಳರೊಡನೆ ಹೋರಾಡುತ್ತಲೇ ಇದ್ದ. ಬಲ್ಲಾಳನ ಹಿಡಿತವೂ ಇಲ್ಲಿ ಬಹುಕಾಲ ನಿಲ್ಲಲಿಲ್ಲ. ಸೇವುಣ ಸಿಂಘಣ ಹದಿಮೂರನೆಯ ಶತಮಾನದ ಎರಡನೆಯ ದಶಕದಲ್ಲಿ ಬನವಾಸಿ ಸೀಮೆಯನ್ನು ಕಿತ್ತುಕೊಂಡ. ಹಾನಗಲ್ಲಿನ ಕದಂಬ ಮಲ್ಲಿದೇವ ಅವನ ಅಧೀನನಾಗಿ ಮುಂದುವರಿದ. ಹಾನಗಲ್ಲು ತಾಲ್ಲೂಕಿನ ತಿಳವಳ್ಳಿಯ ಶಾಂತೇಶ್ವರ ಗುಡಿ ಈ ಸೇವುಣರ ಕಾಲದ್ದು. ಚಾಲುಕ್ಯರ ಕಾಲದ ಗುಡಿಗಳ ಪಕ್ಕದಲ್ಲಿಟ್ಟು ನೋಡಿದರೆ ಕಂಬ, ಬಾಗಿಲವಾಡ, ಜಾಲಂಧ್ರದ ಕೆಲಸದಲ್ಲಿ ಎಲ್ಲಿ ಒಂದು ಸಾಮ್ರಾಜ್ಯ ಮುಗಿದು ಇನ್ನೊಂದು ಶುರುವಾಯಿತೆಂದು ಗುರುತಿಸುವುದು ಅನುಭವಿಗಳಿಗೂ ಕಷ್ಟ. 1310ರ ಸುಮಾರಿಗೆ ಮಲಿಕ್ ಕಾಫೂರನ ದಂಡು ಹೊಯ್ಸಳ ರಾಜ್ಯಕ್ಕೆ ನುಗ್ಗಿತು, ಅದಾದ ಹತ್ತು ವರ್ಷದೊಳಗೆ ಸೇವುಣರ ದೇವಗಿರಿ ದಿಲ್ಲಿಯ ಪಾಲಾಯಿತು. ಈ ಸೀಮೆ ಮತ್ತೆ ಒಂದೇ ಗದ್ದುಗೆಯ ಕೆಳಗೆ ನೆಲೆನಿಲ್ಲಲು ವಿಜಯನಗರದವರೆಗೆ ಕಾಯಬೇಕಾಯಿತು.